ಪ್ರೆಸ್ಸಿನೊಳಗೆ ಲ್ಯಾಪ್‌ಟಾಪು, ಅದರ ಮುಂದೆ ನಮ್ಮತ್ತೆ

ನಗರದ ವಿದ್ಯುನ್ಮಾನ ತ್ಯಾಜ್ಯ ವಿಭಾಗದ ಮುಖ್ಯಾಧಿಕಾರಿಗಳೇ,

ಮಾನ್ಯರೇ, ಮೊದಲು ವಿಷಯ, ನಮಸ್ಕಾರ ಆಮೇಲೆ. ನಿಮ್ಮ ಕಚೇರಿಯ ಮಾತು ನಂಬಿ ನಾವು ಕೊಂಡ ಅಗ್ಗದ ಲ್ಯಾಪ್‌ಟಾಪಿನ ಬ್ಯಾಟರಿ ಊದಿಕೊಂಡಿದೆ. ಆ ಲ್ಯಾಪ್‌ಟಾಪು ಈಗ ನಮ್ಮ ಬೈಂಡಿಂಗ್ ಅಂಗಡಿಯ ಪ್ರೆಸ್ಸಿನಲ್ಲಿ, ಎರಡು ಕಬ್ಬಿಣದ ಹಲಗೆಗಳ ನಡುವೆ ಸಿಕ್ಕಿಕೊಂಡಿದೆ. ಬಿಗಿ ಮಾಡುವಂತಿಲ್ಲ, ಸಡಿಲ ಮಾಡುವಂತಿಲ್ಲ. ಸುತ್ತಲೂ ಕಾಗದ, ರಟ್ಟು, ಬಟ್ಟೆ, ಅಂಟು. ಅದರ ಮುಂದೆ ಸ್ಟೂಲು ಹಾಕಿಕೊಂಡು ನಮ್ಮತ್ತೆ ಕೂತಿದ್ದಾರೆ, ಏಳುತ್ತಿಲ್ಲ. ನಿಮ್ಮ ಕಚೇರಿಯಿಂದ ಯಾರೂ ಬರುತ್ತಿಲ್ಲ. ನನಗೆ ಹೆದರಿಕೆಯಾಗಿದೆ. ಇಷ್ಟು ಓದಿ ಯಾರನ್ನಾದರೂ ಕಳಿಸಿಬಿಟ್ಟರೆ ಮುಂದಿನದನ್ನು ಓದುವ ಕಷ್ಟ ತಮಗಿಲ್ಲ. ಆದರೆ ತಾವು ಅಷ್ಟು ಸುಲಭಕ್ಕೆ ಏಳುವವರಲ್ಲ ಎಂದು ಈಗಾಗಲೇ ಗೊತ್ತಾಗಿರುವುದರಿಂದ ಮುಂದುವರಿಸುತ್ತೇನೆ. ಈ ಬಹಿರಂಗ ಪತ್ರವನ್ನು ಅಚ್ಚು ಹಾಕುವ ಪತ್ರಿಕೆಯವರಿಗೂ ಒಂದು ವಿನಂತಿ: ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದಿಕೊಳ್ಳಿ. ಟೈಪು ಮಾಡಿ ಕಳಿಸೋಣವೆಂದರೆ ನಮ್ಮ ಹಳೆಯ ಕಂಪ್ಯೂಟರನ್ನು ಇದೇ ಅಧಿಕಾರಿಗಳು ಲಾರಿಯಲ್ಲಿ ಹಾಕಿಸಿಕೊಂಡು ಹೋಗಿದ್ದಾರೆ.

ಆ ಕಂಪ್ಯೂಟರಿನ ಬಗ್ಗೆ ಎರಡು ಮಾತು ಹೇಳದಿದ್ದರೆ ನನ್ನ ಹೊಟ್ಟೆಯುರಿ ಇಳಿಯುವುದಿಲ್ಲ. ಹಳೇ ಕಾಲದ್ದು ಅದು. ಮೇಜಿನ ಮೇಲೊಂದು ಡಬ್ಬ, ಕೆಳಗೊಂದು ಡಬ್ಬ, ನಡುವೆ ಬಿಡಿಸಲಾಗದಷ್ಟು ವೈರು. ಪುಸ್ತಕದ ಬೆನ್ನಿನ ಮೇಲೆ ಚಿನ್ನದ ಬಣ್ಣದಲ್ಲಿ ಮೂಡಬೇಕಾದ ಹೆಸರುಗಳನ್ನು ನಾನು ಅದರಲ್ಲೇ ಜೋಡಿಸುತ್ತಿದ್ದೆ. ಶುರುವಾಗುವಾಗ ಮುದುಕರು ಕುರ್ಚಿಯಿಂದ ಏಳುವ ಹಾಗೆ ನರಳುತ್ತಿತ್ತು, ಸುಳ್ಳೇಕೆ ಹೇಳಲಿ. ಕೆಳಗಿನ ಡಬ್ಬ ಬೆಚ್ಚಗಿರುತ್ತದೆಂದು ಅತ್ತೆ ಅದರ ಮೇಲೆ ಅಂಟು ಹಚ್ಚಿದ ಬಟ್ಟೆಯ ಪಟ್ಟಿಗಳನ್ನು ಒಣಗಲು ಹರವುತ್ತಿದ್ದರು, ನಾನು ರೇಗುತ್ತಿದ್ದೆ. ಇಷ್ಟೆಲ್ಲ ಸಹಿಸಿಕೊಂಡೂ ಅದು ಒಂದು ದಿನವಾದರೂ ಯಾರ ನಿದ್ದೆಯನ್ನೂ ಕೆಡಿಸಿದ್ದಿಲ್ಲ.

ಆಗ ಬಂತು ನಿಮ್ಮ ಅಭಿಯಾನ. ಬೀದಿಯಲ್ಲಿ ಧ್ವನಿವರ್ಧಕದ ವ್ಯಾನು, ವೃತ್ತದಲ್ಲಿ ಡೇರೆ, ಡೇರೆಯ ಬಾಗಿಲಲ್ಲಿ ಆಳೆತ್ತರದ ಫಲಕ. ಫಲಕದಲ್ಲಿ ಹಳೆಯ ಕಂಪ್ಯೂಟರಿಗೆ ದಪ್ಪ ಹೊಟ್ಟೆಯನ್ನೂ ಅಳುಮೋರೆಯನ್ನೂ ಬರೆಸಿದ್ದಿರಿ, ಲ್ಯಾಪ್‌ಟಾಪಿಗೆ ರೆಕ್ಕೆ. ಕೆಳಗೆ ‘ಸಾಂಪ್ರದಾಯಿಕ ಗಣಕಯಂತ್ರಕ್ಕೆ ಸುರಕ್ಷಿತ ಹಾಗೂ ಮಿತವ್ಯಯದ ಪರ್ಯಾಯ’ ಎಂಬ ಒಕ್ಕಣೆ, ಅದರ ಕೆಳಗೆ ತಮ್ಮ ಹುದ್ದೆಯ ಮೊಹರು. ಮಾನ್ಯರೇ, ದಪ್ಪ ಹೊಟ್ಟೆ ಈಗ ಯಾರಿಗೆ ಬಂದಿದೆ ಎಂದು ದಯವಿಟ್ಟು ಬಂದು ನೋಡಿ. ಹಳೆಯದನ್ನು ಕೊಟ್ಟರೆ ಹೊಸದರ ಬೆಲೆಯಲ್ಲಿ ರಿಯಾಯಿತಿ ಎಂದಿರಿ. ಕರೆಂಟು ಉಳಿಯುತ್ತದೆ, ಜಾಗ ಉಳಿಯುತ್ತದೆ, ಗಿರಾಕಿಯ ಮನೆಗೇ ಒಯ್ದು ತೋರಿಸಬಹುದು ಎಂದು ನಮ್ಮ ಯಜಮಾನರು ಲೆಕ್ಕ ಹಾಕಿದರು, ನಾನೂ ತಲೆದೂಗಿದೆ. ಅತ್ತೆ ಒಬ್ಬರೇ ಡೇರೆಯಲ್ಲಿದ್ದ ನಿಮ್ಮ ಸಿಬ್ಬಂದಿಯನ್ನು ಕೇಳಿದರು:

“ಇದರ ಹೊಟ್ಟೇಲಿ ಏನಿದ್ಯಪ್ಪಾ?”

“ಅದೆಲ್ಲ ನಿಮಗ್ಯಾಕಜ್ಜಿ?” ಎಂದ ಆತ. “ತೆಗೆದ್ರೆ ಕಂಪ್ಯೂಟರು, ಮುಚ್ಚಿದ್ರೆ ಪುಸ್ತಕ. ಅಷ್ಟು ತಿಳ್ಕೊಂಡ್ರೆ ಸಾಕು.”

ಆ ಮಾತನ್ನು ನೆನಪಿಟ್ಟುಕೊಳ್ಳಿ. ಪುಸ್ತಕ ಕಟ್ಟಿ ಕಟ್ಟಿಯೇ ಬೆರಳು ಸವೆಸಿದ ಹೆಂಗಸಿಗೆ, ಸರ್ಕಾರದ ಡೇರೆಯಲ್ಲಿ ನಿಂತು, ನಿಮ್ಮ ಮನುಷ್ಯ ಅದನ್ನು ಪುಸ್ತಕ ಎಂದ.

ಇನ್ನು ಲ್ಯಾಪ್‌ಟಾಪಿನ ಸಂಸಾರ. ಒಂದು ಹೆಸರು ಜೋಡಿಸಲು ಹೋದರೆ ಅದು ಯೋಚಿಸಿ, ಮತ್ತೆ ಯೋಚಿಸಿ, ಕೊನೆಗೆ ಮನಸ್ಸು ಮಾಡುವ ಹೊತ್ತಿಗೆ ನಾನು ಕಲಸಿಟ್ಟ ಅಂಟು ಕೆನೆಗಟ್ಟಿರುತ್ತಿತ್ತು. ಅಗ್ಗದ ಮಾಲು, ಇಷ್ಟೇ ಎಂದುಕೊಂಡು ಹೊಂದಿಕೊಂಡೆವು. ಆಮೇಲೆ ಅದು ಮೇಜಿನ ಮೇಲೆ ಓಲಾಡತೊಡಗಿತು. ಮೇಜಿನ ಕಾಲು ಸರಿಯಿಲ್ಲವೆಂದು ನಮ್ಮ ಯಜಮಾನರು ಕಾಲಿನ ಕೆಳಗೆ ರಟ್ಟಿನ ಚೂರು ತುರುಕಿದರು. ಆಮೇಲೆ ಬೆರಳು ಆಡಿಸುವ ಜಾಗ ಎದ್ದು ನಿಂತಿತು. ಕೊನೆಗೆ ಮುಚ್ಚಳವೇ ಮುಚ್ಚದಾಯಿತು. ಭಾನುವಾರ ರಿಪೇರಿಗೆ ಕೊಡೋಣ ಎಂದುಕೊಂಡೆವು. ಮೊಬೈಲಿನ ಬ್ಯಾಟರಿ ಊದಿ ಹೊತ್ತಿಕೊಂಡದ್ದನ್ನು ಪಕ್ಕದ ಬೀದಿಯಲ್ಲಿ ನಾನೇ ಕಣ್ಣಾರೆ ಕಂಡಿದ್ದೆ, ಆದರೂ ಇದರೊಳಗೂ ಅದೇ ಸಾಮಾನು ಇದೆ ಎಂದು ತಲೆಗೆ ಹೊಳೆಯಲಿಲ್ಲ. ಹೊಳೆದಾಗ ಹೊತ್ತು ಮೀರಿತ್ತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವವರ ಪೈಕಿ ನಿಮ್ಮ ಕಚೇರಿಯೊಂದೇ ಇಲ್ಲ, ನಾವೂ ಇದ್ದೇವೆ.

ನಮ್ಮ ಕಸುಬಿನಲ್ಲಿ ಒಂದು ಪದ್ಧತಿಯಿದೆ. ಅಂಟು ಹಸಿಯಿರುವಾಗ ಪುಸ್ತಕ ಉಬ್ಬುತ್ತದೆ, ರಟ್ಟು ಬಾಗುತ್ತದೆ. ಅದನ್ನು ಪ್ರೆಸ್ಸಿನ ಹಲಗೆಗಳ ನಡುವೆ ಇಟ್ಟು, ಮೇಲಿನ ಹಿಡಿಕೆ ತಿರುಗಿಸಿ ಬಿಗಿದು, ಒಣಗುವ ತನಕ ಬಿಟ್ಟರೆ ಸಪಾಟಾಗುತ್ತದೆ. ನಾನು ಈ ಮನೆಗೆ ಬಂದ ಹೊಸತರಲ್ಲಿ ಅತ್ತೆ ಕಲಿಸಿದ ಮೊದಲ ಪಾಠವೇ ಅದು: “ಉಬ್ಬಿದ್ದು ಕಂಡ್ರೆ ಯೋಚ್ನೆ ಮಾಡ್ಬೇಡ, ಒತ್ತಕ್ಕೆ ಹಾಕು.”

ಮೊನ್ನೆ ಸೋಮವಾರ ನಾನು ಕಟ್ಟಿ ಮುಗಿದ ಪ್ರಬಂಧಗಳನ್ನು ಕಾಲೇಜಿಗೆ ಕೊಡಲು ಹೋಗಿದ್ದೆ. ಯಜಮಾನರು ರಟ್ಟು ತರಲು ಹೋಗಿದ್ದರು. ವಾಪಸು ಬಂದು ನೋಡಿದರೆ ಅತ್ತೆ ಪ್ರೆಸ್ಸಿನ ಪಕ್ಕ ನಿಂತಿದ್ದಾರೆ, ಮುಖದ ತುಂಬ ನಗು.

“ಬಂದ್ಯಾ? ನೋಡಿಲ್ಲಿ, ನಿನ್ನ ಲ್ಯಾಪ್‌ಟಾಪು ಒದ್ದೆ ಪುಸ್ತಕದ ಥರ ಉಬ್ಕೊಂಡಿತ್ತು. ಒತ್ತಕ್ಕೆ ಹಾಕಿದ್ದೀನಿ. ರಿಪೇರಿಯವನಿಗೆ ಯಾಕೆ ದಂಡ ತೆರ್ಬೇಕು?”

ಪಕ್ಕದ ಬೀದಿಯಲ್ಲಿ ಹೊತ್ತಿಕೊಂಡ ಮೊಬೈಲು ಆಗ ನನಗೆ ನೆನಪಾಯಿತು.

“ಗೀರು ಬೀಳ್ಬಾರ್ದು ಅಂತ ಮೇಲೂ ಕೆಳಗೂ ಮೆತ್ತನೆ ರಟ್ಟು ಇಟ್ಟಿದ್ದೀನಿ. ಮೂಲೇಲಿ ಇನ್ನೂ ಚೂರು ಎದ್ದಿದೆ ಅನ್ಸುತ್ತೆ. ಇನ್ನೊಂದು ಸುತ್ತು ಕೊಡ್ಲಾ?”

ಅತ್ತೆಯ ಕೈ ಹಿಡಿಕೆಯ ಮೇಲೇ ಇತ್ತು. ನಾನು ಚೀರಿದೆ. ಹೇಗೆ ಚೀರಿದೆನೆಂದರೆ ಎದುರು ಅಂಗಡಿಯ ಚಪ್ಪಲಿಯವರು ಕೈಯಲ್ಲಿದ್ದ ಸುತ್ತಿಗೆಯ ಸಮೇತ ಓಡಿಬಂದರು. ಅತ್ತೆ ಕೈ ತೆಗೆದರು. ಆಗಲೇ ಪ್ರೆಸ್ಸಿನ ಒಳಗಿನಿಂದ ಟಿಕ್ ಎಂದು ಒಂದು ಸದ್ದು ಬಂತು. ಸ್ವಲ್ಪ ಹೊತ್ತಿಗೆ ವಾಸನೆ. ಸಿಹಿ ವಾಸನೆ, ಉಗುರಿಗೆ ಹಚ್ಚುವ ಬಣ್ಣದಂಥದ್ದು. ನಮ್ಮ ಅಂಗಡಿಯಲ್ಲಿ ಅಂಟಿನ ವಾಸನೆ ಇದ್ದದ್ದೇ. ಈಗ ಯಾವುದು ಅಂಟಿನದು, ಯಾವುದು ಬ್ಯಾಟರಿಯದು ಎಂದು ಮೂಗಿಗೆ ತಿಳಿಯುತ್ತಿಲ್ಲ. ಬಾಗಿಲು ಗಾಳಿಗೆ ಬಡಿದರೂ ನಾನೂ ಯಜಮಾನರೂ ಎದ್ದು ನಿಲ್ಲುತ್ತೇವೆ.

ನಿಮ್ಮ ಸಹಾಯವಾಣಿಗೆ ಫೋನು ಮಾಡಿದೆ. ಧ್ವನಿಮುದ್ರಿತ ಹೆಂಗಸೊಬ್ಬಳು ಬಲು ಇಂಪಾಗಿ, ಊದಿದ ಬ್ಯಾಟರಿಯನ್ನು ಒತ್ತಬೇಡಿ, ಚುಚ್ಚಬೇಡಿ, ಬಿಸಿ ಮಾಡಬೇಡಿ, ಕಸದೊಡನೆ ಎಸೆಯಬೇಡಿ ಎಂದಳು. “ಒತ್ತಿ ಆಗಿದೆ ತಾಯಿ, ಈಗೇನು ಮಾಡ್ಲಿ?” ಎಂದು ಕೇಳಿದೆ. ಮತ್ತೊಮ್ಮೆ ಕೇಳಲು ಸೊನ್ನೆ ಒತ್ತಿ ಎಂದಳು. ನಿಮ್ಮ ರಿಯಾಯಿತಿಯಲ್ಲಿ ಲ್ಯಾಪ್‌ಟಾಪು ಮಾರಿದ ಅಂಗಡಿಯವನು, “ಕಂಪನಿಗೆ ಕಳಿಸ್ಬೇಕು ಮೇಡಂ, ಆದ್ರೆ ಊದಿರೋದನ್ನ ಕೊರಿಯರಿನವ್ರು ಮುಟ್ಟಲ್ಲ” ಎಂದ. ಅಗ್ನಿಶಾಮಕ ಠಾಣೆಯವರು ಸಜ್ಜನರು. “ಬೆಂಕಿ ಹತ್ತಿದ್ಯಾಮ್ಮ?” ಎಂದು ಕೇಳಿದರು. ಹತ್ತಿಲ್ಲ, ಹತ್ತಬಹುದು ಎಂದು ಭಯ ಎಂದೆ. “ಹತ್ತಿದ ತಕ್ಷಣ ಫೋನ್ ಮಾಡಿ, ಬಂದ್ಬಿಡ್ತೀವಿ” ಎಂದು ಅಭಯ ಕೊಟ್ಟರು. ಕೊನೆಗೆ ನಿಮ್ಮದೇ ಸಂಗ್ರಹಣಾ ಕೇಂದ್ರ.

“ತಂದ್ರೆ ತಗೋತೀವಿ. ಪ್ರೆಸ್ಸಿಂದ ಬಿಚ್ಚೋದು ನಮ್ಮ ಕೆಲ್ಸ ಅಲ್ಲ.”

“ಪ್ರೆಸ್ಸಿನ ಸಮೇತ ತಂದ್ರೆ?”

“ಪ್ರೆಸ್ಸು ಕಬ್ಬಿಣ ಅಲ್ವಾ? ಅದು ಗುಜರಿ ವಿಭಾಗಕ್ಕೆ ಬರುತ್ತೆ.”

ಹಾಗಾದರೆ ನೀವೇ ಹೇಳಿ, ಒಂದೇ ವಸ್ತುವಿನ ಹೊರಗಿನದು ಒಂದು ವಿಭಾಗಕ್ಕೆ, ಒಳಗಿನದು ಇನ್ನೊಂದು ವಿಭಾಗಕ್ಕೆ ಸೇರಿದರೆ, ನಡುವೆ ಕೂತಿರುವ ನಮ್ಮತ್ತೆ ಯಾವ ವಿಭಾಗಕ್ಕೆ ಸೇರುತ್ತಾರೆ? ಚೆನ್ನಾಗಿಯೇ ನಡೆಯುತ್ತಿದ್ದ ಕಂಪ್ಯೂಟರನ್ನು ಒಯ್ಯಲು ಲಾರಿ ಬಂದಿತ್ತು, ಇಬ್ಬರು ಆಳು ಬಂದಿದ್ದರು, ಫೋಟೋ ತೆಗೆಯುವವನೂ ಬಂದಿದ್ದ. ಕೆಟ್ಟು ಕೂತಿರುವುದನ್ನು ಒಯ್ಯಲು ಒಂದು ಸೈಕಲ್ಲೂ ಬರಬಾರದೇ? ಹೀಗೆಂದು ನಿಮ್ಮ ಕಚೇರಿಯಲ್ಲಿ ದೂರನ್ನೂ ಬರೆಸಿದೆ. ಯಾರೂ ಬರಲಿಲ್ಲ, ಬದಲಿಗೆ ಉತ್ತರ ಬಂತು. ‘ಸದರಿ ಸ್ಥಳದಲ್ಲಿ ಬೆಂಕಿ ಕಂಡುಬಂದಿರುವುದಿಲ್ಲ. ದೂರನ್ನು ಇತ್ಯರ್ಥಪಡಿಸಲಾಗಿದೆ.’ ಕಂಡುಬಂದಿಲ್ಲ ಎನ್ನಲು ಯಾರು ಕಂಡರು, ಎಲ್ಲಿಂದ ಕಂಡರು? ಇತ್ಯರ್ಥವಾಗಲು ಬೆಂಕಿಯೇ ಬೇಕಿದ್ದರೆ, ಮಾನ್ಯರೇ, ಅದು ದೂರವಿಲ್ಲ ಎಂಬ ಭಯದಿಂದಲೇ ನಾನು ಬರೆಯುತ್ತಿದ್ದೇನೆ.

ಕೈಮುಗಿದು ಕೇಳಿಕೊಂಡ ಮೇಲೆ ರಿಪೇರಿಯವರೊಬ್ಬರು ಬಂದರು. ಹೊಸ್ತಿಲ ಮೇಲೆ ನಿಂತು ಟಾರ್ಚು ಬಿಟ್ಟು ನೋಡಿದರು. ಮೂಸಿದರು. ಆಮೇಲೆ ಹೊಸ್ತಿಲಿಂದ ಒಂದು ಹೆಜ್ಜೆ ಹಿಂದೆ ಇಟ್ಟರು. “ಅಕ್ಕಾ, ಬಿಗಿ ಮಾಡ್ಬೇಡಿ. ಸಡಿಲಾನೂ ಮಾಡ್ಬೇಡಿ. ಒಳಗಡೆ ಏನಾಗಿದ್ಯೋ ನಂಗೊತ್ತಿಲ್ಲ. ಗೊತ್ತಿರೋರು, ಸರಿಯಾದ ಸಾಮಾನು ಇರೋರು ಬಂದು ಮಾಡ್ಬೇಕು.” ಗೊತ್ತಿರೋರು ಯಾರು ಎಂದು ಕೇಳಿದ್ದಕ್ಕೆ ನಿಮ್ಮ ಹುದ್ದೆಯ ಹೆಸರು ಹೇಳಿ ಹೊರಟುಹೋದರು. ತಂದಿದ್ದ ಚೀಲವನ್ನು ನಮ್ಮಲ್ಲೇ ಬಿಟ್ಟು ಹೋಗಿದ್ದಾರೆ. ಫೋನು ಮಾಡಿದರೆ, ಇರಲಿ, ಅವಸರವಿಲ್ಲ ಎನ್ನುತ್ತಾರೆ.

ಮಗಳನ್ನು ನನ್ನ ತಂಗಿಯ ಮನೆಗೆ ಕಳಿಸಿದ್ದೇವೆ. ಕಾಲೇಜಿನ ಮಕ್ಕಳು ಬೆವರು ಸುರಿಸಿ ಬರೆದ, ಇನ್ನೂ ಕಟ್ಟಬೇಕಿರುವ ಪ್ರಬಂಧಗಳನ್ನು ಮೆಲ್ಲಗೆ ಎತ್ತಿ ಮನೆಯ ಒಳಕೋಣೆಗೆ ಸಾಗಿಸಿದ್ದೇವೆ. ಪ್ರೆಸ್ಸಿಗೆ ತಾಗಿಕೊಂಡಿರುವ ರಟ್ಟಿನ ಒಟ್ಟಲನ್ನು ಎಳೆಯಲು ಧೈರ್ಯವಿಲ್ಲ. ಯಜಮಾನರು ಬಾಗಿಲಲ್ಲಿ ಮರಳಿನ ಬಕೆಟ್ಟು ಇಟ್ಟುಕೊಂಡು ಕೂತಿದ್ದಾರೆ. ಆದರೆ ಅತ್ತೆಯನ್ನು ಎಬ್ಬಿಸಲು ನಮ್ಮಿಬ್ಬರಿಂದಲೂ ಆಗಿಲ್ಲ.

“ಅಮ್ಮ, ಎದ್ದು ಬಾಮ್ಮ. ನೀನು ಕೂತ್ರೆ ಅದೇನು ಇಳಿಯುತ್ತಾ?” ಎಂದರು ಯಜಮಾನರು.

“ಯಾರಾದ್ರೂ ಗಿರಾಕಿ ಗೊತ್ತಿಲ್ದೆ ಬಂದು ಮುಟ್ಟಿದ್ರೆ?”

“ಬೀಗ ಹಾಕೋಣ.”

“ಬೀಗ ಹಾಕಿದ್ರೆ ಹೊಗೆ ಬಂದಿದ್ದು ಯಾರಿಗೆ ಗೊತ್ತಾಗುತ್ತೆ? ತಿರುಗಿಸಿದ್ದು ನಾನು. ಆಗೋದಿದ್ರೆ ನಂಗೇ ಆಗ್ಲಿ. ನೀವು ಆಚೆ ಇರಿ.”

ಊಟವನ್ನೂ ಅಲ್ಲೇ ತರಿಸಿಕೊಳ್ಳುತ್ತಾರೆ. ತಟ್ಟೆಯನ್ನು ಹೊಸ್ತಿಲಲ್ಲಿ ಇಡಬೇಕು, ಒಳಗೆ ಬರಲು ಬಿಡುವುದಿಲ್ಲ. ಮಾತಿನ ಮಲ್ಲಿ ನಮ್ಮತ್ತೆ, ಗಿರಾಕಿಯ ಮದುವೆ ಮುಂಜಿಯಿಂದ ಮಂಡಿನೋವಿನ ತನಕ ವಿಚಾರಿಸದೆ ಯಾರನ್ನೂ ಕಳಿಸಿದವರಲ್ಲ. ಈಗ ಮಾತೇ ಇಲ್ಲ. ನಾನು ಚೀರಿದ್ದಕ್ಕೆ ಬೇಸರವೇ ಎಂದು ಹೊಸ್ತಿಲಲ್ಲಿ ನಿಂತು ಕೇಳಿದೆ. “ನೀನು ಚೀರದೇ ಇದ್ದಿದ್ರೆ ಇನ್ನೊಂದು ಸುತ್ತು ಕೊಟ್ಟಿರ್ತಿದ್ದೆ,” ಎಂದರು. “ಅದನ್ನೇ ಯೋಚ್ನೆ ಮಾಡ್ತಾ ಕೂತಿದ್ದೀನಿ.” ಈ ಮನೆಯಲ್ಲಿ ಯಾರಿಗೂ ಹೆದರದ ಹೆಂಗಸು ಹೆದರಿ ಕೂತಿರುವುದನ್ನು ನಾನು ಮೊದಲ ಸಲ ನೋಡಿದೆ.

ನಿನ್ನೆ ಮಧ್ಯಾಹ್ನ ತಟ್ಟೆ ಹಿಡಿದು ಹೋದರೆ ಅಂಗಡಿಯ ಬಾಗಿಲು ಒಳಗಿನಿಂದ ಅಗಳಿ ಹಾಕಿತ್ತು. ಯಜಮಾನರು ನೀರು ಹಿಡಿಯಲು ಹಿತ್ತಲಿಗೆ ಹೋದಷ್ಟರಲ್ಲೇ ಅತ್ತೆ ಹಾಕಿಕೊಂಡಿದ್ದರು. ಬಡಿದೆವು, ಕೂಗಿದೆವು, ಅತ್ತೆವು. ಬಾಗಿಲು ಮುರಿಯೋಣವೆಂದರೆ ಆ ಅದುರಿಗೆ ಏನಾಗುತ್ತದೋ ಎಂಬ ಭಯ. ಅಷ್ಟು ಹೊತ್ತು ನಾನು ಬಾಗಿಲಿಗೆ ಕಿವಿಯಿಟ್ಟು ಆ ಟಿಕ್ ಸದ್ದಿಗಾಗಿ ಕಾದೆ. ಅಗಳಿ ತೆಗೆದು ಅತ್ತೆ ಹೊರಗೆ ಇಣುಕಿದಾಗ ಮುಖವೆಲ್ಲ ಬೆವರಿತ್ತು. “ಬಿಚ್ಚೇ ಬಿಡೋಣ ಅಂತ ಹಿಡಿಕೆ ಹಿಡ್ಕೊಂಡೆ,” ಎಂದರು. “ಕೈ ಬರ್ಲಿಲ್ಲ ಕಣೇ.” ನನ್ನನ್ನು ಕಣೇ ಎಂದು ಅವರು ಕರೆದದ್ದು ಅದೇ ಮೊದಲು.

ಅದಾದ ಮೇಲೆ ಒಂದು ಕೆಲಸ ಮಾಡಿದೆ. ಅವರು ಮುಖ ತೊಳೆಯಲು ಎದ್ದಾಗ, ಉಸಿರು ಬಿಗಿಹಿಡಿದು, ಪ್ರೆಸ್ಸಿನ ಹಿಡಿಕೆಯನ್ನು ಮೊಳೆ ಸಮೇತ ಕಳಚಿ ತಂದುಬಿಟ್ಟೆ. ಅದನ್ನು ನನ್ನ ಕಾಲಿನ ಕೆಳಗೆ ಇಟ್ಟುಕೊಂಡು ಈ ಪತ್ರ ಬರೆಯುತ್ತಿದ್ದೇನೆ. ಅತ್ತೆ ಮತ್ತೆ ಸ್ಟೂಲಿನ ಮೇಲೆ ಕೂತಿದ್ದಾರೆ. ಆಗಾಗ ಬಾಗಿಲ ತನಕ ಬಂದು ನನ್ನನ್ನು ಕೇಳುತ್ತಾರೆ, ತೀರ ಮೆಲ್ಲಗೆ: “ಕೊಡಮ್ಮ. ನೀವಿಬ್ರೂ ಬೀದಿಗೆ ಹೋಗಿ ನಿಂತ್ಕೊಳ್ಳಿ, ನಾನೇ ಸಡಿಲ ಮಾಡಿ ಮುಗಿಸ್ತೀನಿ.” ಯಜಮಾನರು ತಮಗೆ ಕೊಡು ಎನ್ನುತ್ತಾರೆ. ನಾನೇ ಮಾಡಿಬಿಡಲೇ ಎಂದು ನನಗೂ ಅನಿಸುತ್ತದೆ, ಮಗಳ ಮುಖ ನೆನಪಾಗಿ ಎದ್ದವಳು ಮತ್ತೆ ಕೂರುತ್ತೇನೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಪರಿಹಾರ ಬೇಡ, ಹೊಸ ಲ್ಯಾಪ್‌ಟಾಪು ಬೇಡ, ಕ್ಷಮಾಪಣೆಯನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ. ತಿಳಿದ ಒಬ್ಬ ಮನುಷ್ಯನನ್ನು ಕಳಿಸಿ. ಪತ್ರ ಅಚ್ಚಾದ ದಿನವೇ ಕಳಿಸಿ. ಅಂಗಡಿ ಹುಡುಕುವ ಕಷ್ಟವಿಲ್ಲ, ಬೀದಿಯವರೆಲ್ಲ ಎದುರು ಬದಿಯಲ್ಲೇ ನಡೆಯುತ್ತಿದ್ದಾರೆ. ಹಿಡಿಕೆಯನ್ನು ಬಂದವರ ಕೈಗೆ ಕೊಡುತ್ತೇನೆ. ಬೇಗ ಬನ್ನಿ, ಮಾನ್ಯರೇ. ಅತ್ತೆ ಕೇಳಿದ್ದಕ್ಕೆ ಇಲ್ಲ ಎಂದು ಹೇಳಿ ನನಗೆ ಅಭ್ಯಾಸವಿಲ್ಲ.

ಇಂತಿ,
ಸುರಕ್ಷಿತ ಪರ್ಯಾಯವನ್ನು ಕೊಂಡುಕೊಂಡು, ಜೀವ ಕೈಯಲ್ಲಿ ಹಿಡಿದು ಕೂತಿರುವ
ಬೈಂಡಿಂಗ್ ಅಂಗಡಿಯ ಸೊಸೆ