ಟ್ರೆಬಲ್ ಕಂಟ್ರೋಲಿನ ಮೂರು ಕಾಲು

ಮಾರ್ಚ್ 9, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ಘೋಷಣೆಯ ನಮಸ್ಕಾರ. ಸದಾ ಘೋಷಣೆ ಕೂಗುವವನೆಂದು ನೀನಿಟ್ಟ ಆ ಹೆಸರು ಈಗ ಬೀದಿಗೆಲ್ಲ ಹಬ್ಬಿದೆ. ಅಂಚೆಯವನೂ “ಘೋಷಣೆ, ಕಾಗದ ಬಂದಿದೆ” ಅಂತಲೇ ಕೂಗುತ್ತಾನೆ.

ಉತ್ತರ ತಡವಾಯಿತು, ಬೈದುಕೋ. “ನನ್ನ ಗಿಟಾರನ್ನು ಯಾರಿಗಾದರೂ ಕೊಟ್ಟುಬಿಡು. ನನ್ನ ಕೈ ಸತ್ತುಹೋಗಿದೆ, ಏನು ಮೀಟಿದರೂ ಕಂಬಳಿ ಹೊದ್ದ ಹಾಗೆ ಕೇಳುತ್ತದೆ” ಎಂದು ನೀನು ಬರೆದ ಮೇಲೆ ನನಗೆ ಪೆನ್ನು ಹಿಡಿಯಲು ಮನಸ್ಸಾಗಲಿಲ್ಲ. ಸೋಲ್ಡರಿಂಗ್ ಐರನ್ ಹಿಡಿದು ಕೂತೆ. ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಅಪ್ಪ ಬೀರುವಿನ ಬಾಗಿಲನ್ನು ಇನ್ನೂ ಸರಿ ಮಾಡುತ್ತಲೇ ಇದ್ದಾರೆ. ಮೊದಲು ಅದು ಮುಚ್ಚುತ್ತಿರಲಿಲ್ಲ, ಈಗ ತೆಗೆಯುವುದೂ ಇಲ್ಲ.

ಆಂಪ್ಲಿಫೈಯರ್ ಅಂಗಡಿಯಲ್ಲಿ ಸಿಗುತ್ತಲ್ಲೋ, ಸತ್ತ ರೇಡಿಯೋಗಳ ವಾಲ್ವ್ ಕಿತ್ತು ಯಾಕೆ ಕಟ್ಟುತ್ತೀಯ ಎಂದು ನೀನು ಕೇಳಿದ್ದೆ. ಕೊಂಡವನಿಗೆ ಗುಂಡಿ ತಿರುಗಿಸುವ ಹಕ್ಕು ಮಾತ್ರ ಸಿಗುತ್ತದೆ ಅಕ್ಕ, ಒಳಗೆ ಏನು ನಡೆಯುತ್ತಿದೆ ಎಂದು ತಿಳಿಯುವ ಹಕ್ಕು ಸಿಗುವುದಿಲ್ಲ. ಕರಪತ್ರದ ಮಾತು ಅಂತ ನಗಬೇಡ. ಓದಿದ್ದು ಕರಪತ್ರದಲ್ಲೇ, ನಂಬಿದ್ದು ಬೆರಳು ಸುಟ್ಟುಕೊಂಡ ಮೇಲೆ.

ಕಳೆದ ರಜೆಯಲ್ಲಿ ನೀನು ಬಂದು ಗಿಟಾರ್ ಸಿಕ್ಕಿಸಿದಾಗ ಆದ ಅವಮಾನ ಇನ್ನೂ ಮರೆತಿಲ್ಲ. ನೀನು ಬೇಸ್ ಗುಂಡಿಯನ್ನು ಬಲಕ್ಕೆ ತಿರುಗಿಸಿದೆ; ದಪ್ಪ ಸ್ವರ ಹೆಚ್ಚುವ ಬದಲು ಕರಗಿತು. “ಲೋ ಘೋಷಣೆ, ಎಡಪಂಥ ಅಂದ್ರೆ ಎಲ್ಲಾನೂ ಎಡಕ್ಕೇ ತಿರುಗಿಸೋದಾ?” ಎಂದು ಹೊಟ್ಟೆ ಹಿಡಿದು ನಕ್ಕೆಯಲ್ಲ! ಕಾರಣ ಇಷ್ಟೇ. ಗುಂಡಿಯ ಹಿಂದಿರುವ ಒಂದೊಂದು ಕಂಟ್ರೋಲಿಗೂ ಮೂರು ಕಾಲು. ನಡುವಿನ ಕಾಲಿಗೆ ಸೇರಿದ ಸಣ್ಣ ನಾಲಿಗೆಯೊಂದು ಒಳಗೆ ಈ ಕಡೆಯ ಕಾಲಿಂದ ಆ ಕಡೆಯ ಕಾಲಿಗೆ ಜಾರುತ್ತದೆ. ಸರ್ಕ್ಯೂಟಿನ ಚಿತ್ರ ಬರೆದವರು ಗುಂಡಿಯ ಕಡೆಯಿಂದ ನೋಡಿ ಬರೆದಿದ್ದರು. ಬೆಸುಗೆ ಹಾಕುವವನು ಕೂರುವುದು ಬೆನ್ನಿನ ಕಡೆ. ಕನ್ನಡಿಯಲ್ಲಿ ಕಂಡಂತೆ ಎಡ ಬಲವಾಗಿತ್ತು. ನಿನ್ನೆದುರೇ ಬೇಸ್, ಟ್ರೆಬಲ್ ಎರಡರ ಅಂಚಿನ ತಂತಿಗಳನ್ನೂ ಅದಲುಬದಲು ಮಾಡಿದೆ. ಬೇಸ್ ಗುಡುಗಿತು, ನೀನು ಬೆನ್ನು ತಟ್ಟಿದೆ.

ಆಮೇಲೆ ಚೂಪು ಸ್ವರದ ಟ್ರೆಬಲ್. ನೀನು ಪೂರ್ತಿ ಎಡಕ್ಕೆ ತಿರುಗಿಸಿದೆ, ಪೂರ್ತಿ ಬಲಕ್ಕೆ ತಿರುಗಿಸಿದೆ, ತೆಳು ತಂತಿಯನ್ನೇ ಮತ್ತೆ ಮತ್ತೆ ಮೀಟಿದೆ. ಅಮ್ಮ ಒದ್ದೆ ಕೈಯಲ್ಲೇ ಕಿವಿ ಮುಚ್ಚಿಕೊಂಡು ಅಡುಗೆಮನೆಯಿಂದ ಓಡಿಬಂದು, “ನಿಲ್ಸ್ರೋ, ಹಲ್ಲೆಲ್ಲ ಜುಂ ಅಂತಿದೆ!” ಎಂದಳು. ಅಮ್ಮನಿಗೆ ಯಾವ ಸಂಗೀತವಾದರೂ ಹಾಗೇ ಅಲ್ಲವೇ ಎಂದು ಇಬ್ಬರೂ ನಕ್ಕೆವು. ನೀನು ಮಾತ್ರ, “ಇದೇನೂ ಬದಲಾಗ್ತಾನೇ ಇಲ್ಲ. ಇದಕ್ಕೆ ವೈರ್ ಕೊಟ್ಟಿದೀಯೋ, ಬರೀ ಭಾಷಣ ಕೊಟ್ಟಿದೀಯೋ?” ಎಂದೆ. ಗಿಟಾರನ್ನು ಮಂಚದ ಮೇಲಿಟ್ಟೆ. ಮರುದಿನ ನಿನ್ನ ಬಾಟಲಿ ಕಾರ್ಖಾನೆಯ ಬಸ್ಸು ಹತ್ತುವಾಗ ಅದನ್ನು ತೆಗೆದುಕೊಳ್ಳಲಿಲ್ಲ.

ನನ್ನ ಕಿವಿಗೇನೋ ಬದಲಾದ ಹಾಗೇ ಕೇಳಿತ್ತು. ಆದರೆ ನಮ್ಮ ಮನೆಯಲ್ಲಿ ಕಿವಿ ಅಂದರೆ ನಿನ್ನದು. ಗೇಟಿನ ಕಿರ್ರೆನ್ನುವ ಸದ್ದಿನಲ್ಲೇ ಬಂದವರು ಯಾರೆಂದು ಹೇಳುತ್ತಿದ್ದವಳು ನೀನು. ಕಟ್ಟಿದವನಿಗೆ ತನ್ನ ಕೂಸೇ ಚೆಂದ, ಅದಕ್ಕೇ ನನಗೆ ಹಾಗೆ ಕೇಳಿರಬೇಕು ಎಂದುಕೊಂಡೆ. ನೀನು ಹೋದ ಮೇಲೆ ಎಲ್ಲ ಬಿಚ್ಚಿದೆ. (ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರಿನಲ್ಲಿ ಕರೆಂಟು ಹೊಂಚು ಹಾಕಿ ಕೂತಿರುತ್ತದೆ. ಅದನ್ನು ಬರಿದು ಮಾಡಿಯೇ ಕೈ ಹಾಕಿದ್ದೇನೆ, ಹೆದರಬೇಡ.) ಅಂಚಿನ ಕಾಲುಗಳನ್ನು ಮತ್ತೆ ಬದಲಿಸಿ ನೋಡಿದೆ, ಉಲ್ಟಾ ಆಯಿತು. ಮೊದಲಿನಂತೆ ಹಾಕಿದೆ. ಹೊಸ ಕಂಟ್ರೋಲ್ ತಂದೆ. ಚೂಪು ಸ್ವರಗಳನ್ನು ಮಾತ್ರ ಒಳಗೆ ಬಿಡುವ ಚಿಕ್ಕ ಕೆಪಾಸಿಟರನ್ನೂ ಬದಲಿಸಿದೆ. ಎಷ್ಟು ಹುಡುಕಿದರೂ ತಪ್ಪು ಸಿಗಲಿಲ್ಲ. ತಪ್ಪು ಸಿಕ್ಕರೆ ಸಮಾಧಾನ, ಸಿಗದಿದ್ದರೆ ನರಕ.

ಕೊನೆಗೆ ನಮ್ಮ ಡ್ರಮ್ ಬಾರಿಸುವ ಗೆಳೆಯನನ್ನು ಗೋಡೆಯ ಕಡೆ ಮುಖ ಮಾಡಿ ಕೂರಿಸಿದೆ. ಟ್ರೆಬಲ್ ಏರಿದಾಗ ಕೈ ಎತ್ತು ಎಂದೆ. ಒಂದು ಸಲವೂ ತಪ್ಪಲಿಲ್ಲ.

“ಇದು ಕೆಟ್ಟಿದೆ ಅಂತ ಯಾರೋ ಹೇಳಿದ್ದು ನಿಂಗೆ?”

“ಅಕ್ಕ.”

ಅವನು ಗುಂಡಿಯನ್ನೊಮ್ಮೆ, ನಿನ್ನ ಗಿಟಾರನ್ನೊಮ್ಮೆ ನೋಡಿದ. ಮೂರು ಹೊತ್ತೂ ಲೊಡಲೊಡ ಅನ್ನುವವನು, ಚಹಾ ಕೂಡ ಕುಡಿಯದೆ ಎದ್ದುಹೋದ.

ಅಂತೂ ತಂತಿಗಳು ಈಗ ನಿನ್ನೆದುರು ಬೆಸೆದಂತೆಯೇ ಇವೆ. ಮುಂದಿನ ತಿಂಗಳ ನಮ್ಮ ಸಂಘಟನೆಯ ಸಭೆಗೆ ಆಂಪ್ಲಿಫೈಯರ್ ಸಿದ್ಧ. ಗಿಟಾರನ್ನು ಯಾರಿಗೂ ಕೊಟ್ಟಿಲ್ಲ. ಕೇಳಿಕೊಂಡು ಬಂದವನನ್ನು ಅಮ್ಮ ಬಾಗಿಲಿಂದಲೇ ವಾಪಸು ಕಳಿಸಿದಳು. ನೀನು ಹೊತ್ತಿಗೆ ಸರಿಯಾಗಿ ಉಣ್ಣಬೇಕಂತೆ. ಆಶೀರ್ವಾದದ ಜೊತೆ ಅದನ್ನೂ ಬರೆ ಎಂದಿದ್ದಾಳೆ.

ನಿನ್ನ ತಮ್ಮ,
ಘೋಷಣೆ

ತಾ.ಕ.: ಲಕೋಟೆ ಅಂಟಿಸಲು ಹೋಗಿ ಮತ್ತೆ ಕೂತಿದ್ದೇನೆ. ಅಕ್ಕ, ನೀನು ಗುಂಡಿ ತಿರುಗಿಸಿದ ದಿನವೂ ಟ್ರೆಬಲ್ ಸರಿಯಾಗಿಯೇ ಇತ್ತು. ಅಮ್ಮ ಕಿವಿ ಮುಚ್ಚಿಕೊಂಡದ್ದು ಅದಕ್ಕೇ. ನಿನ್ನ ಕೈ ಸತ್ತಿಲ್ಲ. ಬಾಟಲಿಗೆ ಬಾಟಲಿ ಬಡಿಯುವ ಆ ಸಾಲಿನ ಮುಂದೆ ವರ್ಷಗಟ್ಟಲೆ ನಿಂತು ನಿನಗೆ ಚೂಪು ಸ್ವರಗಳು ಕೇಳಿಸದಂತಾಗಿರಬೇಕು. ಅಮ್ಮನಿಗೆ ಹೇಳಿದೆ. “ಅವಳು ಕಿರುಚಿ ಮಾತಾಡೋದನ್ನ ನಾನು ಕೊಬ್ಬು ಅಂದ್ಕೊಂಡಿದ್ದೆ ಕಣೋ” ಎಂದಳು. ಈಗಲೇ ಕಾರ್ಖಾನೆಯ ಗೇಟಿಗೆ ಹೋಗಿ ಕೂಗುತ್ತೇನೆಂದು ಎದ್ದೆ. “ಕೂಗೋದು ಇದ್ದೇ ಇದೆ. ಮೊದಲು ಅವಳಿಗೆ ಮೆಲ್ಲಗೆ ಹೇಳು” ಎಂದಳು. ಮೆಲ್ಲಗೆ ಹೇಳಿದರೆ ನಿನಗೆ ಕೇಳಿಸದೇನೋ ಎಂದು ಬರೆದಿದ್ದೇನೆ.

ಬಾ. ಕಿವಿ ಡಾಕ್ಟರ ಹತ್ತಿರ ನಾನೂ ಬರುತ್ತೇನೆ. ಆಮೇಲೆ ನೀನು ಮೀಟು, ನಾನು ಗುಂಡಿ ತಿರುಗಿಸುತ್ತೇನೆ. ಕೇಳಿಸದಿದ್ದರೆ ಕೇಳಿಸಲಿಲ್ಲ ಅನ್ನು. ಈ ಸಲ ನಾನು ಬೆಸುಗೆ ಬಿಚ್ಚುವುದಿಲ್ಲ.