ಪ್ರಸಾದ ಮೈಗೂಡುವ ತನಕ

ಮಿಶ್ರಿಕೋಟಿ
ಗುರುವಾರ, 6-2-1986
ಮಧ್ಯಾಹ್ನ

ಪ್ರೀತಿಯ ಶಾರದಕ್ಕಾ,

ನಿನಗೂ ಅವ್ವನಿಗೂ ಸಾವಿತ್ರಿಯ ನಮಸ್ಕಾರ, ನಿನ್ನ ಹೊಸ ಕೂಸಿಗೆ ಮುತ್ತು. ಪತ್ರದ ತಲೆಗೆ ನಾವೆಲ್ಲ ಕ್ಷೇಮ ಎಂದು ಬರೆಯಬೇಕು, ಗೊತ್ತು. ಆದರೆ ಕೈ ಏಳುತ್ತಿಲ್ಲ. ನಿನ್ನ ಹಿರಿಮಗಳು ನೀಲವ್ವನ ಸೀಳುತುಟಿಯ ಆಪರೇಶನ್ ಇವತ್ತು ಮುಂಜಾನೆ ಮೊದಲ ಪಾಳಿಯಲ್ಲೇ ಆಗಬೇಕಾಗಿತ್ತು. ಇನ್ನೂ ಆಗಿಲ್ಲ. ಗಾಬರಿಯಾಗಬೇಡ, ನೀಲವ್ವ ಇಲ್ಲೇ ನಮ್ಮ ಸಾಲಿಯ ಪಡಸಾಲೆಯಲ್ಲಿ ನನ್ನ ಮಗ್ಗುಲಿಗೆ ಚಾಪೆಯ ಮೇಲೆ ಮಲಗಿದ್ದಾಳೆ. ನೀನು ಬಾಣಂತಿ. ಚಿಂತೆ ಹಚ್ಚಿಕೊಂಡು ಉಣ್ಣದೆ ಕೂತರೆ ಅವ್ವ ನನ್ನನ್ನು ಸುಮ್ಮನೆ ಬಿಡುವುದಿಲ್ಲ.

ಎದುರಿಗೆ ಕಂಬಕ್ಕೆ ಒರಗಿ ನಿನ್ನ ಅತ್ತೆಯವರು ಜಪ ಮಾಡುತ್ತ ಕೂತಿದ್ದಾರೆ. ಅವರಿಗೆ ಓದಲು ಬರುವುದಿಲ್ಲ ಎನ್ನುವುದೊಂದೇ ನನ್ನ ಧೈರ್ಯ. ಹುಡುಗರ ಪೇಪರು ತಿದ್ದುತ್ತಿದ್ದೇನೆಂದು ಹೇಳಿದ್ದೇನೆ. ನಡುನಡುವೆ ಕಣ್ಣು ತೆರೆದು, ನಿಮ್ಮ ಸಾಲಿ ಹುಡುಗೂರು ಇಷ್ಟ ಶಾಣ್ಯಾ ಅದಾರೇನ ಬೇ, ಒಂದೂ ತಪ್ಪ ಹಾಕವಲ್ಲಿ ಅನ್ನುತ್ತಾರೆ. ಯಾರಿಗಾದರೂ ಹೇಳಿಕೊಳ್ಳದಿದ್ದರೆ ನನ್ನ ಎದೆ ಒಡೆದೀತು, ಅದಕ್ಕೇ ನಿನಗೆ ಬರೆಯುತ್ತಿದ್ದೇನೆ.

ಈ ಹೊರದೇಶದ ಡಾಕ್ಟರರ ಬಗ್ಗೆ ನಿನಗೆ ಮೊದಲೇ ತಿಳಿಸಿದ್ದೆನಲ್ಲ. ಹಾಲೆಂಡ್ ಎಂಬ ದೇಶದವರು. ತಮ್ಮ ತಮ್ಮ ದವಾಖಾನೆಗಳಲ್ಲಿ ರಜೆ ಹಾಕಿ, ಎರಡು ವಾರ ನಮ್ಮ ಸಾಲಿಯಲ್ಲೇ ಶಿಬಿರ ಹಾಕಿ ಸೇವೆ ಮಾಡಿ ಹೋಗಲಿಕ್ಕೆ ಬಂದವರು. ಸೀಳುತುಟಿಯ ಮಕ್ಕಳಿಗೆ ಹೊಲಿಗೆ ಹಾಕುವಾಕೆ ಮಾರ್ಗರೆಟ್ ಬಾಯಿ, ಎಚ್ಚರ ತಪ್ಪಿಸುವವರು ಪೀಟರ್ ಅಂತ ಒಬ್ಬರು. ಪೀಟರ್ ನಮ್ಮ ಕೆಂಪು ಮೆಣಸಿನಕಾಯಿಯ ರಂಜಕ ಒಂದೇ ಸಲ ನಾಲಿಗೆಗೆ ಮುಟ್ಟಿಸಿಕೊಂಡು, ಅಂದಿನಿಂದ ಬಾಳೆಹಣ್ಣು ಬಿಸ್ಕೀಟಿನ ಮೇಲೇ ಜೀವ ಹಿಡಿದಿದ್ದಾರೆ. ಡಾಕ್ಟರರ ಮಾತು ಜನರಿಗೆ, ಜನರ ಮಾತು ಡಾಕ್ಟರರಿಗೆ ದಾಟಿಸುವ ಕೆಲಸ ನನ್ನದು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆಂದು ಹೆಡ್ಮಾಸ್ತರರು ನನ್ನನ್ನೇ ಮುಂದೆ ನೂಕಿದರು. ಇವತ್ತೇ ಕಡೆಯ ದಿನ. ಸಂಜೆ ಐದಕ್ಕೆ ಜೀಪು ಹತ್ತಿದರೆಂದರೆ ಮುಗಿಯಿತು.

ನಿನ್ನ ಮನೆಯವರು ಕುಬೇರಪ್ಪ ಮಾಮಾನೂ ಅತ್ತೆಯವರೂ ಕೂಸನ್ನು ಕರೆದುಕೊಂಡು ನಿನ್ನೆ ರಾತ್ರಿ ತಂಬೂರಿನ ಮಠದಲ್ಲಿ ವಸ್ತಿ ಇದ್ದು, ಮುಂಜಾನೆಯ ಬಸ್ಸಿಗೆ ಇಲ್ಲಿಗೆ ಬಂದರು. ಇವತ್ತಿನ ದಿನ ಚಲೋ ಐತಿ ಎಂದು ಮಠದ ಸ್ವಾಮಿಗಳು, ಅಜ್ಜಾರು, ಅಪ್ಪಣೆ ಕೊಟ್ಟಿದ್ದಕ್ಕೇ ನಿನ್ನ ಅತ್ತೆ ಒಪ್ಪಿದ್ದು ಅನ್ನುವುದು ನಿನಗೇ ಗೊತ್ತು. ಎಂಟು ವರ್ಷ ನೀನು ಕಾಲಿಗೆ ಬಿದ್ದಿದ್ದೀ. ಬಸರಿದ್ದಾಗ ಗ್ರಹಣ ಕಚ್ಚಿದ ಕೂಸು, ಮನಷ್ಯಾರು ಹೊಲದ್ರ ಕೂಡತೈತೇನು ಎಂದು ಎಂಟು ವರ್ಷ ನಿನ್ನನ್ನೇ ಅಂದಿದ್ದಾರೆ. ಇವತ್ತು ತಪ್ಪಿದರೆ ಇನ್ನೊಂದು ಸಲ ಅವರನ್ನು ಒಪ್ಪಿಸಲು ಆ ಶಿವನಿಂದಲೂ ಆಗುವುದಿಲ್ಲ.

ಮುಂಜಾನೆ ಒಳಗೆ ಕರೆದೊಯ್ಯುವ ಮುಂಚೆ ನರ್ಸಮ್ಮ ನನ್ನ ಕಡೆಯಿಂದ ಕೇಳಿಸಿದಳು, ಕೂಸು ಏನಾದರೂ ತಿಂದಿದೆಯಾ, ಕುಡಿದಿದೆಯಾ ಎಂದು. ನಾನು ಕೇಳಿದೆ. ಕುಬೇರಪ್ಪ ಮಾಮಾ, ಇಲ್ಲವಾ, ನಿನ್ನೆ ಕತ್ತಲಾದಾಗಿಂದ ಹನಿ ನೀರ ಸೈತ ಕೊಟ್ಟಿಲ್ಲ, ನೀ ಹೇಳಿ ಕಳಿಸಿದ್ದಿ ಅಲ್ಲಾ ಅಂದರು. ಅತ್ತೆಯವರೂ ಹೌದೆಂದು ತಲೆಯಾಡಿಸಿದರು. ನೀಲವ್ವ ನನ್ನ ಕೈ ಬಿಟ್ಟು ಒಳಗೆ ಹೋದಳು. ಒಂದು ಹನಿ ಕಣ್ಣೀರು ಹಾಕಲಿಲ್ಲ ನಿನ್ನ ಮಗಳು, ನನಗೇ ಅಳು ಬಂತು.

ಬಾಗಿಲು ಮುಚ್ಚಿದ ಮೇಲೆ ಅತ್ತೆಯವರು ಹಿತ್ತಾಳೆಯ ತಂಬಿಗೆ ತೆಗೆದು, ಕೈ ಒಡ್ಡು ಸಾವಿತ್ರಿ, ಅಜ್ಜಾರ ಪೂಜಿ ಪಂಚಾಮೃತ ಅಂದರು. ಕಣ್ಣಿಗೊತ್ತಿಕೊಂಡು ಕುಡಿದೆ. ಹಾಲು, ಬಾಳೆಹಣ್ಣು, ಜೇನುತುಪ್ಪ. ಗಂಟಲು ಇಳಿಯುವುದರೊಳಗೆ, ಕೂಸಿಗೂ ಕೊಟ್ರೇನ್ರಿ ಅಂದೆ. ಹೌದವಾ, ಮುಂಜಾನೆ ಬಸ್ ಹತ್ತೂ ಮುಂದ ಬಟ್ಟಲ ತುಂಬ ಕೊಟ್ಟೇವಿ, ಇನ್ನಷ್ಟ ಬೇಕಂತ ಕುಡೀತು ಅಂದರು. ಮತ್ತ ಏನೂ ಕೊಟ್ಟಿಲ್ಲಂದ್ರೆಲ್ಲಾ ಅಂದೆ. ಪ್ರಸಾದ ತಿನಸಾಗತೈತೇನ ಬೇ, ಸಾಲಿ ಕಲತಾಕಿ ನೀನು ಅಂದರು.

ಅವರು ಸುಳ್ಳು ಹೇಳಿರಲಿಲ್ಲ ಅಕ್ಕ. ನಮ್ಮ ಮನೆಯಲ್ಲೂ ಹಾಗೇ ಅಲ್ಲವೇ? ಸೋಮವಾರ ನಿರಾಹಾರ ಇದ್ದಾಗ ಪ್ರಸಾದ ತಗೊಂಡರೆ ಉಂಡೆವು ಎಂದು ಯಾರು ಎಣಿಸುತ್ತಾರೆ? ಇದನ್ನೆಲ್ಲ ಬಲ್ಲ ನಾನೇ ಬಿಡಿಸಿ ಕೇಳಬೇಕಾಗಿತ್ತು. ಡಾಕ್ಟರರು ಕೇಳಿದ್ದನ್ನು ಗಿಳಿಯ ಹಾಗೆ ಒಪ್ಪಿಸಿಬಿಟ್ಟೆ.

ಬಾಗಿಲ ತನಕ ಓಡಿದೆ. ಅಲ್ಲಿ ಕಾಲು ನಿಂತುಬಿಟ್ಟವು. ಹೇಳಿದರೆ ಆಪರೇಶನ್ ಇಲ್ಲ. ಹೇಳದಿದ್ದರೆ ಏನಾಗುತ್ತದೆಂದು ಪೀಟರ್ ಮೊದಲ ದಿನವೇ ತಿಳಿಸಿದ್ದರು. ಎಚ್ಚರ ತಪ್ಪಿದಾಗ ಹೊಟ್ಟೆಯೊಳಗಿನ ಹಾಲು ಮೇಲೆ ಬಂದು ಉಸಿರಿನ ಕೊಳವೆಗೆ ಇಳಿದರೆ ಕೂಸು ಟೇಬಲ್ಲಿನ ಮೇಲೆಯೇ ಹೋಗಿಬಿಡುತ್ತದೆ. ಬಟ್ಟಲು ಹಾಲಿಗೆ ಏನಾದೀತು, ಅಜ್ಜಾರ ಪ್ರಸಾದ ಕಾಯದೇ ಇದ್ದೀತೇ ಎಂದು ನನಗೂ ಒಂದು ಗಳಿಗೆ ಅನ್ನಿಸಿತು. ಬಾಗಿಲು ತಳ್ಳಿ ಕೂಗಿಯೇಬಿಟ್ಟೆ. ಪೀಟರ್ ಕೂಸಿನ ಮೂಗಿನ ಹತ್ತಿರ ಒಯ್ದಿದ್ದ ಕೈಯನ್ನು ಹಿಂದಕ್ಕೆ ತೆಗೆದರು. ಮಾರ್ಗರೆಟ್ ಬಾಯಿಗೆ ಸಿಟ್ಟು ಬಂದಿದ್ದು ಇವತ್ತೇ ಮೊದಲು ನೋಡಿದ್ದು ನಾನು. ಬೈದದ್ದು ನನಗೇ. ಬೈಸಿಕೊಂಡೆ, ಬೈಯಬೇಕಾದದ್ದೇ.

ಆಮೇಲೆ ಕೈ ಮುಗಿದು ಬೇಡಿಕೊಂಡೆ. ಆರು ತಾಸು ಹೊಟ್ಟೆಗೆ ಏನೂ ಬೀಳದಿದ್ದರೆ, ನಡುವೆ ಇರುವ ಮಕ್ಕಳದು ಮುಗಿದು ಹೊತ್ತು ಉಳಿದರೆ, ಕಡೆಗೆ ನೀಲವ್ವನದು ಮಾಡುತ್ತೇನೆ ಅಂದಳು. ಹೊತ್ತು ಉಳಿದರೆ ಅನ್ನುವ ಮಾತನ್ನೇ ಹಿಡಿದುಕೊಂಡು ಕೂತಿದ್ದೇನೆ.

ಆದರೆ ಹೊರಗೆ ಬಂದು, ಪ್ರಸಾದ ಕುಡಿಸಿದ್ದಕ್ಕೇ ನಿಂತಿತೆಂದು ಹೇಳಿದರೆ ನಿನ್ನ ಅತ್ತೆ ಗಂಟು ಕಟ್ಟತೊಡಗಿದರು. ಅಜ್ಜಾರ ಪ್ರಸಾದ ವಿಷಾ ಅಂತಾರೇನು, ಅಂಥಾ ಕಡೆ ನಮ್ಮ ಕೂಸಿನ್ನ ಮಲಗಸೂದುಲ್ಲ, ಏಳೋ ಕುಬೇರಾ, ಹೋಗೂಣು ಎಂದು ಎದ್ದೇಬಿಟ್ಟರು. ಮಾಮಾ ಕೂಸಿನ ಚಪ್ಪಲಿ ಹುಡುಕತೊಡಗಿದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಏನು ಮಾಡಲಿ? ಬಾಯಿಗೆ ಬಂದದ್ದನ್ನು ಹೇಳಿದೆ. ಅತ್ತಿಯವರ, ಹಂಗಲ್ರಿ, ಪ್ರಸಾದ ಇನ್ನೂ ಹೊಟ್ಟ್ಯಾಗ ಇರೂ ಮುಂದ ಮೈಗೆ ಕತ್ತರಿ ಹಚ್ಚಿದ್ರ ಅಪಚಾರ ಆಗತೈತಿ ಅಂತ ಡಾಕ್ಟರ್ ಬಾಯಿ ಅಂಜಿದ್ರು, ಪ್ರಸಾದ ಮೈಗೂಡಲಿ, ಅದರ ಬಲದ ಮ್ಯಾಲೇ ನಾ ಮಾಡ್ತೇನಿ ಅಂದ್ರು ಅಂದೆ.

ಅತ್ತೆಯವರು ಗಂಟು ಕೆಳಗಿಟ್ಟರು. ಕಣ್ಣಲ್ಲಿ ನೀರು. ಹೊರದೇಶದಾಕಿ ಆದ್ರೂ ಪ್ರಸಾದದ ಕಿಮ್ಮತ್ತ ತಿಳದೈತಿ ನೋಡ ಆಕೀಗೆ ಅಂದರು. ಬಾಗಿಲ ಕಡೆಗೆ ತಿರುಗಿ ಕೈಯೂ ಮುಗಿದರು. ನಿನ್ನ ತಂಗಿ ಸಣ್ಣಾಕಿ ಅಲ್ಲ ಅಕ್ಕ, ಇಂಥ ಅತ್ತೆಯನ್ನು ಗೆದ್ದಿದ್ದೇನೆ. ಭಯದ ನಡುವೆಯೂ ಒಳಗೊಳಗೇ ನಗು ಬರುತ್ತಿದೆ.

ಒಳಗೆ ಕರೆಯುತ್ತಿದ್ದಾರೆ, ಬೆಳಿಗ್ಗೆ ಹೊಲಿಗೆಯಾದ ಒಂದು ಹುಡುಗಿ ಎದ್ದು ಅಳುತ್ತಿದೆಯಂತೆ. ಬಂದು ಬರೆಯುತ್ತೇನೆ.

ಶನಿವಾರ, 8-2-1986

ಅಕ್ಕ, ಮೊದಲು ಇದನ್ನು ಓದಿಕೋ. ನೀಲವ್ವನ ಆಪರೇಶನ್ ಆಯಿತು. ಚೆನ್ನಾಗಿ ಆಯಿತು. ತುಟಿ ಊದಿದೆ, ಹೊಲಿಗೆ ಕಾಣುತ್ತದೆ, ಆದರೆ ಎರಡು ತುಂಡು ಒಂದಾಗಿವೆ. ಚಮಚದಲ್ಲಿ ಗಂಜಿ ಕುಡಿಯುತ್ತಾಳೆ. ಹೊಲಿಗೆ ಬಿಚ್ಚುವ ತನಕ ನನ್ನ ಮನೆಯಲ್ಲೇ ಇರುತ್ತಾಳೆ. ಅವ್ವನಿಗೆ ಹೇಳು, ದೇವರಿಗೆ ದೀಪ ಹಚ್ಚಲಿ.

ಉಳಿದದ್ದನ್ನು ಬರೆಯದೆ ಪತ್ರ ಮಡಿಸಿ ಹಾಕಬೇಕೆಂದಿದ್ದೆ. ಆಗಲಿಲ್ಲ.

ನೀಲವ್ವನಿಗಿಂತ ಮುಂಚಿನ ಪಾಳಿ ಒಂದು ಗಂಡು ಕೂಸಿನದಿತ್ತು. ಫಕೀರಪ್ಪ ಎಂದು ಹೆಸರು, ನಾಲ್ಕು ವರ್ಷದ್ದಿರಬೇಕು. ತಾಯಿ ಸಣ್ಣವ್ವ, ತಿರ್ಲಾಪುರದಾಕೆ, ಕೂಲಿ ಮಾಡುವವಳು. ಹತ್ತಿ ಬಿಡಿಸುವ ದಿನಗಳಲ್ಲಿ ಗಂಡನ ಹತ್ತಿರ ಜಗಳವಾಡಿ ಒಬ್ಬಳೇ ಬಂದಿದ್ದಳು. ಇದೊಂದ ಸಲ ಹೋಗು, ಆಗಲಿಲ್ಲಂದ್ರ ಮತ್ತ ಈ ಮಾತ ಎತ್ತಬ್ಯಾಡ ಅಂದಿದ್ದನಂತೆ ಅವನು. ಹಸಿದ ಮಗ ಅಳುತ್ತಿದ್ದರೂ ಮುಂಜಾನೆಯಿಂದ ಒಂದು ಚೂರು ರೊಟ್ಟಿ ಕೊಟ್ಟಿರಲಿಲ್ಲ. ಎತ್ತಿಕೊಂಡು ಪಡಸಾಲೆಯ ಉದ್ದಕ್ಕೂ ತಿರುಗುತ್ತಿದ್ದಳು.

ನಾನು ಒಳಗೆ ಆ ಹುಡುಗಿಯ ತಲೆ ಸವರುತ್ತ ಕೂತಿದ್ದಾಗ ನಿನ್ನ ಅತ್ತೆಯವರು ಸಣ್ಣವ್ವಳನ್ನು ಹತ್ತಿರ ಕರೆದರಂತೆ. ಅವರ ಮನಸ್ಸು ತುಂಬಿತ್ತು ನೋಡು. ಡಾಕ್ಟರ್ ಬಾಯಿನೇ ಅಂಜಿದಂಥ ಪ್ರಸಾದ ಇದು, ಇದರ ಬಲದ ಮ್ಯಾಲೇ ಆಕಿ ಮಾಡತಾಳಂತ, ನಿನ್ನ ಕೂಸಿಗೂ ಇರಲಿ ತಗೋ ಬೇ ಎಂದು, ತಂಬಿಗೆಯಲ್ಲಿ ಉಳಿದದ್ದನ್ನೆಲ್ಲ ಬಟ್ಟಲಿಗೆ ಸುರಿದು ಕೊಟ್ಟರಂತೆ. ಯಾವ ಜಾತಿ, ಯಾವ ಕುಲ ಎಂದು ಕೇಳಲಿಲ್ಲ. ಊರಲ್ಲಿ ಅಂಥವರ ನೆರಳಿಗೂ ಸರಿದು ನಿಲ್ಲುವವರು, ತಮ್ಮ ಬಟ್ಟಲನ್ನೇ ಕೊಟ್ಟಿದ್ದರು. ಅವರು ಮಾಡಿದ್ದು ಪುಣ್ಯದ ಕೆಲಸವೇ. ಪಾಪವಿದ್ದರೆ ಅದು ನನ್ನ ಮಾತಿನದು.

ಫಕೀರಪ್ಪನನ್ನು ಕರೆದಾಗ ನಾನು ಬಿಡಿಸಿ ಬಿಡಿಸಿ ಕೇಳಿದೆ. ಊಟ? ನೀರು? ಪ್ರಸಾದ, ತೀರ್ಥ? ಸಣ್ಣವ್ವಳ ಮುಖ ಅರಳಿತು. ಹೌದ್ರಿ ಟೀಚರ, ಅವ್ವಾರು ಕೊಟ್ರು, ಈಗ ಕುಡಿಸೇನಿ ಅಂದಳು.

ಅಕ್ಕ, ಆಗ ನನಗೆ ಮೊದಲು ಏನನ್ನಿಸಿತು ಗೊತ್ತೇ? ನೀಲವ್ವನಿಗೆ ಹೊತ್ತು ಉಳಿಯಿತು ಅನ್ನಿಸಿತು. ಎದೆ ಹಗುರವಾಯಿತು. ಆಮೇಲೆ ಆ ಕೂಸಿನ ಮುಖ ಕಂಡಿತು.

ಡಾಕ್ಟರರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಪೀಟರ್ ಗಡಿಯಾರ ನೋಡಿದರು. ಇವನಿಗೆ ಆರು ತಾಸು ಕಾದರೆ ಕತ್ತಲಾಗುತ್ತಿತ್ತು, ಜೀಪಿಗೂ ವಿಮಾನಕ್ಕೂ ತಪ್ಪುತ್ತಿತ್ತು. ಒಂದು ದಿನ ಉಳಿಯಿರಿ ಅಂದೆ. ಸೋಮವಾರ ತಮ್ಮ ದೇಶದಲ್ಲಿ ತಮ್ಮ ರೋಗಿಗಳು ಕಾಯುತ್ತಿರುತ್ತಾರೆ ಅಂದರು. ಅದೂ ಸುಳ್ಳಲ್ಲ. ನೀಲವ್ವನ ಆರು ತಾಸು ಅಷ್ಟೊತ್ತಿಗೆ ಮುಗಿದಿತ್ತು, ಆ ಪಾಳಿಯಲ್ಲಿ ಅವಳು ಒಳಗೆ ಹೋದಳು. ಅವಳನ್ನು ಹೊರಗೆ ತರುವ ಹೊತ್ತಿಗೆ ಅರ್ಧ ಸಾಮಾನು ಪೆಟ್ಟಿಗೆಗೆ ಸೇರಿತ್ತು. ಮಾರ್ಗರೆಟ್ ಬಾಯಿ ಸಣ್ಣವ್ವಳ ಎರಡೂ ಕೈ ಹಿಡಿದು ಮುಂದಿನ ವರ್ಷ ಬರುತ್ತೇವೆಂದು ಹೇಳು ಅಂದಳು. ಹೇಳಿದೆ. ಬರುತ್ತೀರಾ ಎಂದು ನಾನು ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆ ಅವಳು ತಿರುಗಿ ಪೆಟ್ಟಿಗೆಯ ಮುಚ್ಚಳ ಹಾಕತೊಡಗಿದಳು.

ಸಣ್ಣವ್ವಳನ್ನು ಕೂಡಿಸಿಕೊಂಡು ನಡೆದದ್ದನ್ನೆಲ್ಲ ತಿಳಿಸಿ ಹೇಳಿದೆ. ಅವಳು ಅರ್ಥ ಮಾಡಿಕೊಂಡಳು. ನಿನ್ನೆ ಮುಂಜಾನೆಯ ಬಸ್ಸಿಗೆ ಊರಿಗೆ ಹೋದಳು.

ಅತ್ತೆಯವರೂ ಮಾಮಾನೂ ನಾಳೆ ನವಲಗುಂದಕ್ಕೆ ಹೊರಡುತ್ತಾರೆ. ನಿನ್ನನ್ನು ನೋಡಲು ಅಣ್ಣಿಗೇರಿಯ ತವರುಮನೆಗೆ ಬಂದಾಗ ಇದನ್ನು ಅಜ್ಜಾರ ಪವಾಡವೆಂದು ಹೇಳುತ್ತಾರೆ. ಹೌದೆಂದು ಕೇಳಿಕೋ, ನಿನಗೆ ಆ ಮನೆಯಲ್ಲಿ ಬಾಳುವೆ ಮಾಡುವುದಿದೆ. ವೇಳೆಗೆ ಸರಿಯಾಗಿ ಉಣ್ಣು, ತಣ್ಣೀರು ಮುಟ್ಟಬೇಡ.

ಇಂತಿ ನಿನ್ನ ತಂಗಿ,
ಸಾವಿತ್ರಿ

ತಾ.ಕ.: ಸಣ್ಣವ್ವಳಿಗೆ ತಿಳಿಸಿ ಹೇಳಿದೆ ಎಂದು ಮೇಲೆ ಬರೆದದ್ದು ಸುಳ್ಳು. ಹೇಳಬೇಕೆಂದೇ ಬಸ್ ಸ್ಟ್ಯಾಂಡಿಗೆ ಹೋಗಿದ್ದೆ. ಅತ್ತೆಯವರು ತಾವೂ ಬರುತ್ತೇವೆಂದು ಜೊತೆಗೆ ಬಂದಿದ್ದರು, ಪಕ್ಕದಲ್ಲೇ ನಿಂತಿದ್ದರು. ಸಣ್ಣವ್ವಳೇ ಮೊದಲು ಬಾಯಿ ತೆರೆದಳು. ಅಂದದ್ದಿಷ್ಟು: ನಿಮ್ಮ ಕೂಸಿಗೆ ಫಲಿಸಿದ್ದು ನಮ್ಮ ಕೂಸಿಗೆ ಯಾಕ ಫಲಿಸಲಿಲ್ಲ ಅನ್ನೂದು ನನಗ ಗೊತ್ತಾತ್ರಿ ಟೀಚರ. ಕುಡಸೂ ಮುಂದ, ಡಾಕ್ಟರು ಏನೂ ಕೊಡಬ್ಯಾಡಂದಾರಲ್ಲಾ, ಹೆಂಗ ಕೊಡಲಿ ಅಂತ ಮನಸಿನ್ಯಾಗ ಒಂದೀಟ ಸಂಶೆ ಬಂದಿತ್ರಿ. ಆ ಸಂಶೆ ಮಾಡಿದ್ದ ಪಾಪಾ ಕೂಸಿಗೆ ಹತ್ತೇತಿ. ಅತ್ತೆಯವರು ಹೌದವಾ, ಸಂಶೆ ಮಾಡಬಾರದು ಅಂದರು. ನಾನು ಹೌದು ಅನ್ನಲಿಲ್ಲ ಅಕ್ಕ. ಅಲ್ಲ ಅಂತಲೂ ಅನ್ನಲಿಲ್ಲ.