ತಂತಿ ನಿದ್ದೆ ಮಾಡ್ತಿದೆ

ಅಮಾಗಾಸಾಕಿ
ಮಾರ್ಚ್ ೨೪, ಭಾನುವಾರ

ನನ್ನ ಮುದ್ದಿನ ಅಮ್ಮಾ,

ಕುರಾಯೋಶಿಯಲ್ಲಿ ಇನ್ನೂ ಚಳಿ ಬಿಟ್ಟಿಲ್ಲವಂತೆ. ನಿನ್ನ ಸೊಂಟ ಹೇಗಿದೆ? ಅಜ್ಜಿಯನ್ನು ಒಬ್ಬಳೇ ಎತ್ತಿ ಮಲಗಿಸಲು ಹೋಗಬೇಡ, ಆಮೇಲೆ ನಿಮ್ಮಿಬ್ಬರನ್ನೂ ಎತ್ತುವವರು ಬೇಕಾಗುತ್ತದೆ. ಗಂಜಿ ಸರಿಯಾಗಿ ನುಂಗುತ್ತಾಳೆಯೇ? ಮೊಚಿ ಬೇಕೆಂದು ಹಟ ಹಿಡಿದರೆ ಕರಗಬೇಡ, ಆ ಅಂಟು ಮುದ್ದೆ ಅವಳ ಗಂಟಲಲ್ಲಿ ಸಿಕ್ಕಿಕೊಂಡರೆ ಕತೆ ಮುಗಿದ ಹಾಗೆ. ನಾನು ಚೆನ್ನಾಗಿದ್ದೇನೆ. ಫೋನ್ ಯಾಕೆ ಮಾಡಲಿಲ್ಲ ಎಂದು ಬೈಯಬೇಡ. ಫೋನಿನಲ್ಲಿ ನೀನು ಅಳುತ್ತೀಯ, ಅಳುವವರಿಗೆ ವಿಷಯ ಪೂರ್ತಿ ಹೇಳಲು ಆಗುವುದಿಲ್ಲ. ಪತ್ರವಾದರೆ ಅತ್ತುಕೊಂಡಾದರೂ ಕೊನೆಯವರೆಗೆ ಓದುತ್ತೀಯ.

ಮೊದಲು ಒಳ್ಳೆಯ ಸುದ್ದಿ. ನನ್ನ ತರಬೇತಿ ಮುಗಿಯಿತು. ಏಪ್ರಿಲ್ ಒಂದರಿಂದ ನಾನು ಕಟ್ಟಡಗಳ ವಿದ್ಯುತ್ ಕೆಲಸಕ್ಕೆ ಪೂರ್ಣ ಮೇಲ್ವಿಚಾರಕಿ. ಹೆಲ್ಮೆಟ್ಟಿನ ಮೇಲೆ ಅಂಟಿಸಿಕೊಂಡು, ಇವಳು ಹೊಸಬಳು ಎಂದು ಊರಿಗೆಲ್ಲ ಸಾರುತ್ತಿದ್ದ ಹಸಿರು ಹಳದಿ ಚೀಟಿಯನ್ನು ಇನ್ನು ಕಿತ್ತೆಸೆಯಬಹುದು. ತರಬೇತಿ ಎಂದರೆ ಏನೇನೋ ಕಲಿಸುತ್ತಾರೆ ಎಂದುಕೊಂಡಿದ್ದೆ. ನಮ್ಮ ಹಿರಾಬಯಾಶಿ ಸಾಹೇಬರು ಕಲಿಸಿದ್ದು ಒಂದೇ, ಕೈ ಹಾಕದಿರುವುದು. "ಕಟಿಂಗ್ ಪ್ಲೇಯರ್ ಹಿಡಿದೋಳ ಕಣ್ಣು ಪ್ಲೇಯರ್ ಮೇಲೇ ಇರುತ್ತೆ. ಮಿಕ್ಕೋರು ಸಾಯ್ತಾ ಇದ್ರೆ ನೋಡೋರ್ಯಾರು, ನಿಮ್ಮಜ್ಜಿನಾ?" ಎನ್ನುತ್ತಿದ್ದರು. ಕೈಕಸುಬಿನವನ ಮಗಳಲ್ಲವೇ ನಾನು, ಕೈ ಸುಮ್ಮನಿರುತ್ತದೆಯೇ? ಜನವರಿಯಲ್ಲಿ ಯಾರದೋ ಕೈಯಿಂದ ಬಿದ್ದ ಪ್ಲೇಯರ್ ಎತ್ತಿಕೊಂಡು ಒಂದು ತಂತಿಯನ್ನು ನಾನೇ ಬಿಗಿದುಬಿಟ್ಟೆ. ಸಾಹೇಬರು ಕೂಗಾಡಲಿಲ್ಲ. ನನ್ನ ಕೈಗವಸು ಬಿಚ್ಚಿಸಿ ತಮ್ಮ ಜೇಬಿಗೆ ಹಾಕಿಕೊಂಡರು. ಕೈಗವಸಿಲ್ಲದವರು ಸೈಟಿನೊಳಗೆ ಇರುವ ಹಾಗಿಲ್ಲ, ಹಾಗಾಗಿ ಸಂಜೆಯವರೆಗೆ ಗೇಟಿನ ಹೊರಗೆ ನಿಂತೆ. ಸಮುದ್ರದ ಗಾಳಿಗೆ ಬೆರಳುಗಳು ನನ್ನವೇ ಅಲ್ಲ ಅನ್ನಿಸಿತ್ತು. ಕೆಲಸಗಾರರೆಲ್ಲ ನನ್ನನ್ನು ನೋಡಿಕೊಂಡು ಊಟಕ್ಕೆ ಹೋದರು, ಬಂದರು. ಅವರಲ್ಲಿ ಅಪ್ಪನೂ ಇದ್ದ. ನಮ್ಮ ಕಂಪನಿಯ ಕೈಕೆಳಗೆ ತುಂಡುಗುತ್ತಿಗೆ ಹಿಡಿದು ಅದೇ ಕಟ್ಟಡದಲ್ಲಿ ತಂತಿ ಎಳೆಯುತ್ತಿದ್ದನಲ್ಲ. ತನ್ನ ಬೂಟಿನ ತುದಿ ನೋಡಿಕೊಂಡು ದಾಟಿಹೋದ. ಮನೆಗೆ ಬಂದ ಮೇಲೆ ಬಿಸಿನೀರಿನ ಬೋಗುಣಿ ತಂದು ನನ್ನ ಮುಂದಿಟ್ಟು, "ಅವ್ರು ಮಾಡಿದ್ದು ಸರಿನೇ ಕಣೇ" ಎಂದ. ಆ ನೀರಿಗೆ ನಾನು ಕೈ ಅದ್ದಲಿಲ್ಲ.

ಈಗ ಇನ್ನೊಂದು ಸುದ್ದಿ. ಅಪ್ಪನನ್ನು ನಾನು ಸೈಟಿನಿಂದ ಹೊರಗೆ ಹಾಕಿದೆ. ಒಂದು ದಿನದ ಮಟ್ಟಿಗಲ್ಲ, ಶಾಶ್ವತವಾಗಿ. ನೀನು ಊರಿಗೆ ಹೊರಡುವಾಗ ಸ್ಟೇಷನ್ನಿನಲ್ಲಿ "ಅಪ್ಪನ ಮೇಲೆ ಒಂದು ಕಣ್ಣಿಟ್ಟಿರೇ" ಎಂದಿದ್ದೆ. ಇಟ್ಟಿದ್ದೆ ಅಮ್ಮಾ, ಆ ಕಣ್ಣಿಗೇ ಬಿದ್ದ. ಅವನ ಹಳೆಯ ಚಾಳಿ ನಿನಗೆ ಗೊತ್ತಲ್ಲ. ತಂತಿಯಲ್ಲಿ ಕರೆಂಟ್ ಇದೆಯೋ ಇಲ್ಲವೋ ಎಂದು ಟೆಸ್ಟರ್ ಇಟ್ಟು ನೋಡದೆ ಬೆರಳ ಹಿಂಬದಿಯಿಂದ ತಟ್ಟಿ ನೋಡುವುದು. ನಾನು ಚಿಕ್ಕವಳಿದ್ದಾಗ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡೇ ನೆರೆಮನೆಯವರ ದೀಪ ಸರಿಮಾಡುತ್ತಿದ್ದ. ಹಾಗೆ ತಟ್ಟಿ, ಕರೆಂಟ್ ಇದ್ದರೆ "ಎದ್ದಿದಾನೆ ಕಳ್ಳ" ಎನ್ನುತ್ತಿದ್ದ, ಇಲ್ಲದಿದ್ದರೆ "ನಿದ್ದೆ ಮಾಡ್ತಿದೆ". ಇಡೀ ಬೀದಿಯಲ್ಲಿ ನನ್ನಪ್ಪನಂಥವನಿಲ್ಲ ಎಂದು ಬೀಗುತ್ತಿದ್ದೆ. ಮೊನ್ನೆ ಮಂಗಳವಾರ ಮೂರನೇ ಮಹಡಿಯಲ್ಲಿ ಏಣಿ ಹತ್ತಿ ನಿಂತು ಚಾವಣಿಯ ತಂತಿಯನ್ನು ತಟ್ಟಿದ. ಕೆಳಗಿದ್ದ ನನ್ನನ್ನು ನೋಡಿ ನಕ್ಕು, "ನಿದ್ದೆ ಮಾಡ್ತಿದೆ ಕಣಮ್ಮಾ" ಎಂದ. ನನ್ನ ಬೆನ್ನ ಹಿಂದೆ ಹಿರಾಬಯಾಶಿ ನಿಂತಿದ್ದರು.

ನಾನೇನು ಮಾಡುತ್ತೇನೆ ಎಂದು ಅವರು ಕೈಕಟ್ಟಿ ನೋಡುತ್ತಿದ್ದರು. ಟೆಸ್ಟರ್ ಇಡದೆ ತಂತಿ ಮುಟ್ಟಿದವನು ಹೊರಗೆ ಹೋಗಬೇಕು, ಆ ಮಾತು ಮೇಲ್ವಿಚಾರಕರ ಬಾಯಿಂದಲೇ ಬರಬೇಕು. ನಾನು ಪಾಸೋ ಫೇಲೋ ಎಂದು ತೀರ್ಮಾನಿಸುವವರು ಅವರೇ. "ನಿಶಿಗಾಕಿ ಅವರೇ, ಕೆಳಗೆ ಇಳೀರಿ" ಎಂದೆ. ನಮ್ಮದೇ ಮನೆತನದ ಹೆಸರನ್ನು ಪರವೂರಿನವರ ಹೆಸರಿನ ಹಾಗೆ ಕರೆದೆ. ಅಪ್ಪ ಇನ್ನೂ ನಗುತ್ತಲೇ ಇದ್ದ, ತಮಾಷೆ ಎಂದುಕೊಂಡಿರಬೇಕು. "ಸಾಮಾನು ಕಟ್ಕೊಳ್ಳಿ. ನಾಳೆಯಿಂದ ನೀವು ಇಲ್ಲಿಗೆ ಬರೋ ಹಾಗಿಲ್ಲ" ಎಂದಾಗ ನಗು ನಿಂತಿತು. "ಟೆಸ್ಟರ್ ಯಾಕೆ ಇಡ್ಲಿಲ್ಲ?" ಎಂದು ಹಿರಾಬಯಾಶಿ ಕೇಳಿದರು. ಅಪ್ಪ ಒಮ್ಮೆ ನನ್ನ ಮುಖ ನೋಡಿದ. ಆಮೇಲೆ ಹೆಲ್ಮೆಟ್ ತೆಗೆದು ಸೊಂಟ ಬಗ್ಗಿಸಿ, "ನನ್ನದೇ ತಪ್ಪು. ಮೇಲ್ವಿಚಾರಕರೇ, ನಿಮಗೆ ತೊಂದರೆ ಕೊಟ್ಟೆ, ಕ್ಷಮಿಸಿ" ಎಂದ. ಹಾಗೆಂದದ್ದು ಅವರಿಗಲ್ಲ, ನನಗೆ. ಅವನ ನಡುನೆತ್ತಿ ಅಷ್ಟು ಬೋಳಾಗಿರುವುದನ್ನು ಅವತ್ತೇ ನೋಡಿದ್ದು. ಸಂಜೆ ಹಿರಾಬಯಾಶಿ ಡಬ್ಬಿ ಕಾಫಿ ಕೊಡಿಸಿ, "ಈಗ ನಿಂಗೆ ನೋಡೋಕೆ ಬಂತು" ಎಂದರು. ಕುಡಿದೆ. ರುಚಿಯಾಗಿಯೇ ಇತ್ತು.

ಒಂದು ಸೈಟಿನಿಂದ ಹೊರಬಿದ್ದವನನ್ನು ಇನ್ನೊಂದು ಸೈಟಿನವರು ಹತ್ತಿರ ಸೇರಿಸುವುದಿಲ್ಲ, ಅರವತ್ತೇಳರ ಮುದುಕನನ್ನಂತೂ ಕೇಳುವವರೇ ಇಲ್ಲ. ಅವನ ಜೊತೆಗಿದ್ದ ಇಬ್ಬರೂ ಮಾರನೆಯ ದಿನವೇ ಬೇರೆ ಗುತ್ತಿಗೆದಾರನ ಹತ್ತಿರ ಸೇರಿಕೊಂಡರು. ನಿನ್ನೆ ಅಪ್ಪ ವ್ಯಾನಿನ ಮೇಲಿದ್ದ 'ನಿಶಿಗಾಕಿ ವಿದ್ಯುತ್ ಕೆಲಸ' ಎಂಬ ಅಕ್ಷರಗಳನ್ನು ಉಗುರಿನಿಂದ ಕೆರೆದು ತೆಗೆಯುತ್ತಾ ಕೂತಿದ್ದ. ಕಿಟಕಿಯಿಂದ ನೋಡಿದೆ, ಕೈ ಹಾಕಲಿಲ್ಲ. ಈ ಶುಕ್ರವಾರ ನಿನ್ನಲ್ಲಿಗೆ ಹೊರಡುತ್ತಾನೆ. ಇಲ್ಲೇ ಇರು ಎಂದು ನಾನು ಹೇಳಲಿಲ್ಲ. ಸೈಟಿನವರು ನಮ್ಮ ಬಾಗಿಲಿಗೆ ಬಂದು ಹೋಗುತ್ತಿರುತ್ತಾರೆ, ಅವರ ಕಣ್ಣಿಗೆ ಅವನು ಬೀಳುವುದು ನನಗೆ ಬೇಡ. ಅಜ್ಜಿಯನ್ನು ಎತ್ತಲು ನಿನಗೂ ಒಂದು ಜನ ಆಯಿತು. ತೋಳು ಗಟ್ಟಿಯಾಗಿವೆ, ಮಂಡಿ ಮಾತ್ರ ಹೋಗಿದೆ. ಉಪ್ಪು ಮೀನು ಕೇಳುತ್ತಾನೆ, ಕೊಡಬೇಡ, ಬಿ.ಪಿ. ಇದೆ. ಅಜ್ಜಿಯ ಮನೆಯ ಸ್ವಿಚ್ಚುಗಳ ಹತ್ತಿರವೂ ಬಿಡಬೇಡ.

ನನ್ನನ್ನು ಕಟುಕಿ ಎನ್ನುತ್ತೀಯ, ಅನ್ನು. ಅವತ್ತು ಆ ತಂತಿಯಲ್ಲಿ ಕರೆಂಟ್ ಇದ್ದಿದ್ದರೆ ನೀನು ಈಗ ಅವನ ಪಟದ ಮುಂದೆ ಧೂಪ ಹಚ್ಚುತ್ತಿದ್ದೆ. ಜೀವಂತ ಗಂಡನನ್ನು ವಾಪಸು ಕಳಿಸುತ್ತಿದ್ದೇನೆ, ಅಷ್ಟಕ್ಕಾದರೂ ಸಮಾಧಾನ ಮಾಡಿಕೋ. ನನ್ನ ಪಾಲಿನದೂ ಸೇರಿಸಿ ಅಜ್ಜಿಯ ಕಾಲು ಒತ್ತು. ನಿನ್ನ ಸೊಂಟ ಜೋಪಾನ.

ನಿನ್ನ ಮಗಳು,
ತೊಮೊಯೆ

ಲಕೋಟೆ ಅಂಟಿಸುವ ಮೊದಲು ಇದೊಂದು: ಅಪ್ಪ ನಿನ್ನೆದುರು ಬಾಯಿ ಬಿಟ್ಟರೂ ಬಿಡಬಹುದು, ಅದಕ್ಕೆ ನಾನೇ ಹೇಳುತ್ತೇನೆ. ಅವತ್ತು ಬ್ರೇಕರ್ ಇಳಿಸಿ ಆ ತಂತಿಯ ಕರೆಂಟ್ ತೆಗೆದವಳು ನಾನೇ. ಅವನು ಟೆಸ್ಟರನ್ನು ವ್ಯಾನಿನಲ್ಲೇ ಮರೆತು ಬಂದಿದ್ದ, ತರಲು ಹೊರಟಿದ್ದ. "ಬೇಡಪ್ಪಾ, ಮಂಡಿ ನೋವಿಟ್ಕೊಂಡು ಮೂರು ಮಹಡಿ ಯಾಕೆ ಇಳೀತೀಯಾ, ನಾನೇ ಆಫ್ ಮಾಡಿದೀನಿ" ಎಂದು ತಡೆದವಳೂ ನಾನೇ. ಅವನು ನಂಬಿದ. ಹಾಗೆ ಹೇಳಿದ ಮೇಲ್ವಿಚಾರಕಿಯನ್ನು ಅವನಿಗಿಂತ ಮೊದಲು ಹೊರಗೆ ಹಾಕುತ್ತಾರೆ. ಇದುವರೆಗೆ ಅವನು ಯಾರಿಗೂ ಹೇಳಿಲ್ಲ, ನನ್ನೆದುರೂ ಆ ಮಾತು ಎತ್ತಿಲ್ಲ. ಏಪ್ರಿಲ್ ಒಂದು ಕಳೆಯುವವರೆಗೆ ಅವನ ಕೈಗೆ ಫೋನ್ ಕೊಡಬೇಡ.